ಒಂದೇ ಡಬ್ಬಿ ರೀಲು, ಒಂದೇ ಸಾವು

ಸಿನಿಮಾ ಮಾಡುವವನಿಗೆ ಆಘಾತ ಹೊಸದಲ್ಲ. ಬೆಂಗಳೂರಿನಲ್ಲಾದರೆ ವಾರಕ್ಕೊಂದು ಆಗುತ್ತದೆ. ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ತಿಂಡಿಗೆ ಮುಂಚೆ ಒಂದು, ಊಟವಾದ ಮೇಲೆ ಒಂದು. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮೊದಲ ಸಿನಿಮಾ ಮಾಡಲು ನಾನು ಈ ಕಡೆ ಬಂದಾಗ ನನ್ನ ತಲೆಗೂದಲು ಕರ್ರಗಿತ್ತು. ವಾಪಸು ಹೋಗುವಾಗ ಹೇಗಿತ್ತು ಎಂದು ಕೇಳಬೇಡಿ.

ನಾನು ಹಗರಿಬೊಮ್ಮನಹಳ್ಳಿಯವನೇ. ಬೆಂಗಳೂರಿನಲ್ಲಿ ಅವರಿವರ ಹಿಂದೆ ಕ್ಲಾಪ್ ಬೋರ್ಡು ಹಿಡಿದು ವರ್ಷಗಟ್ಟಲೆ ಓಡಾಡಿದ ಮೇಲೆ, ಹರಪನಹಳ್ಳಿಯ ಮೆಕ್ಕೆಜೋಳದ ಸಾಹುಕಾರರೊಬ್ಬರು ನನ್ನ ಕಥೆ ಕೇಳಿ ಒಪ್ಪಿಕೊಂಡರು. ಷರತ್ತು ಒಂದೇ.

"ನೋಡಪಾ, ಹೊಸ ಜೋಳ ಮಾರ್ಕೆಟ್ಟಿಗೆ ಬರೋದ್ರಾಗ ನಿನ್ನ ಸಿನಿಮಾ ಮುಗೀಬೇಕು. ಜೋಳ ಬಂತಂದ್ರ ನನಗ ಹೆಂಡ್ತಿ ಮಕ್ಕಳ ಮುಖ ನೋಡಾಕ ಪುರುಸೊತ್ತಿರಂಗಿಲ್ಲ, ನಿನ್ನ ಮುಖ ಎಲ್ಲಿ ನೋಡ್ಲಿ? ಅರ್ಧಕ್ಕ ನಿಂತ್ರ ಅಲ್ಲಿಗೇ ಕೈ ಬಿಡಾದು."

ಅರ್ಧಕ್ಕೆ ನಿಂತರೆ ನಾನು ಊರಿಗೆ ಹೋಗಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಲಂಗದ ಬಟ್ಟೆ ಅಳೆಯಬೇಕಿತ್ತು. ಅಪ್ಪ ಆಗಲೇ ನನ್ನ ಹೆಸರಿಗೊಂದು ಹೊಸ ಅಳತೆಕೋಲು ತಂದಿಟ್ಟಿದ್ದಾರೆ ಎಂದು ಅವ್ವ ಹೇಳಿ ಕಳಿಸಿದ್ದಳು. ಆ ಕೋಲು ಕನಸಿನಲ್ಲೂ ಬರುತ್ತಿತ್ತು.

ತಂಡದಲ್ಲಿ ಮುಖ್ಯವಾದವರು ಇಬ್ಬರು. ಕ್ಯಾಮೆರಾಮನ್ ಬೆಂಗಳೂರಿನವರು, ಕೆಲಸದಲ್ಲಿ ಹುಲಿ, ಸಿಟ್ಟಿನಲ್ಲಿ ಎರಡು ಹುಲಿ. ಮ್ಯಾನೇಜರ್ ಕೊಟ್ಟೂರಿನವ. ಇವನ ಬಾಯಲ್ಲಿ 'ಇಲ್ಲ' ಎಂಬ ಮಾತು ಹುಟ್ಟಿರಲೇ ಇಲ್ಲ. ಏನು ಕೇಳಿದರೂ "ಆತು ತಗೋರಿ" ಎನ್ನುತ್ತಿದ್ದ. ಆನೆ ಬೇಕು ಎಂದರೂ "ಆತು ತಗೋರಿ", ಮಳೆ ನಿಲ್ಲಬೇಕು ಎಂದರೂ "ಆತು ತಗೋರಿ". ಅವನ ಆ ಮಾತು ಕೇಳಿದಾಗಲೆಲ್ಲ ನನ್ನ ಎದೆ ಢವಢವ ಎನ್ನುತ್ತಿತ್ತು.

ಸುಣ್ಣ

ಶೂಟಿಂಗ್ ನಡೆದದ್ದು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಕಥೆ ಸರಳ. ಒಬ್ಬ ಮುದುಕ, ಅವನ ಹೊಲದ ಮೇಲೆ ಕಣ್ಣು ಹಾಕಿದ ಒಬ್ಬ ದುಷ್ಟ, ನಡುವೆ ಮುದುಕನ ಮೊಮ್ಮಗನದೊಂದು ಪ್ರೀತಿ. ಕೊನೆಗೆ ಮುದುಕ ಸಾಯುತ್ತಾನೆ, ಊರೆಲ್ಲ ಅಳುತ್ತದೆ. ಮುದುಕನ ಪಾತ್ರಕ್ಕೆ ಬೆಂಗಳೂರಿನಿಂದ ಬರಬೇಕಾಗಿದ್ದ ನಟ ಕೈಕೊಟ್ಟ. ಮ್ಯಾನೇಜರ್ "ಆತು ತಗೋರಿ" ಎಂದು ಅದೇ ಹಳ್ಳಿಯ ಒಬ್ಬ ಅಜ್ಜನನ್ನು ಕರೆತಂದ. ಅಜ್ಜ ಹರೆಯದಲ್ಲಿ ಬಯಲಾಟದಲ್ಲಿ ರಾಜನ ವೇಷ ಕಟ್ಟಿದವನು. ಬಿಳಿ ಮೀಸೆ, ಎದೆ ತುಂಬಿದ ದನಿ. ಪಾತ್ರವೂ ಸಿಕ್ಕಿತು, ಪಾತ್ರ ಇರಬೇಕಾದ ಮನೆಯೂ ಸಿಕ್ಕಿತು. ಅಜ್ಜನ ಮನೆ ಹೇಳಿ ಮಾಡಿಸಿದಂತಿತ್ತು. ಹೊಗೆ ಹಿಡಿದ ಗೋಡೆ, ಸವೆದ ಕಟ್ಟೆ, ಕಪ್ಪು ಕಂಬ. ಕ್ಯಾಮೆರಾಮನ್ ಆ ಗೋಡೆ ಸವರಿ ಸವರಿ ನೋಡಿದರು. "ಸಾರ್, ಈ ಗೋಡೆನೇ ಅರ್ಧ ಕಥೆ ಹೇಳತ್ತೆ" ಎಂದರು.

ಮೊದಲ ದಿನ ದೃಶ್ಯದ ಅರ್ಧ ತೆಗೆದೆವು. ಉಳಿದರ್ಧಕ್ಕೆ ಮರುದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಗೋಡೆ ಇಲ್ಲ! ಅಂದರೆ ಗೋಡೆ ಇದೆ, ನಮ್ಮ ಗೋಡೆ ಇಲ್ಲ. ಮನೆಯಿಡೀ ನೀಲಿ ಬೆರೆಸಿದ ಸುಣ್ಣ ಬಳಿದು ಫಳಫಳ ಹೊಳೆಯುತ್ತಿದೆ. ಕಂಬಕ್ಕೆ ಹಸಿರು ಬಣ್ಣ. ಬಾಗಿಲಿಗೆ ಮಾವಿನ ಸೊಪ್ಪು. ಕಟ್ಟೆಯ ಮೇಲೆ ಅಜ್ಜಿ, ಅಜ್ಜನ ಹೆಂಡತಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಗುನಗುತ್ತ ನಿಂತಿದ್ದಾಳೆ.

"ಅಜ್ಜೀ, ಏನಿದು?" ಎಂದೆ. ದನಿ ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ.

"ಅಯ್ಯ, ಸಿನಿಮಾದಾಗ ನಮ್ಮನಿ ಬರ್ತೈತಿ. ಗ್ವಾಡಿ ಅಷ್ಟು ಹೊಲಸಿದ್ರ ನಮ್ಮ ಬೀಗರು ನೋಡಿ ಏನಂದಾರು? ನಿನ್ನೆ ನೀವು ಹೋದಿಂದ ಹಿಡಿದೀವಿ ನೋಡಪಾ, ಓಣಿ ಹೆಣ್ಮಕ್ಕಳೆಲ್ಲ ಬಂದು ಕೈ ಹಚ್ಚಿದ್ರು."

ಕ್ಯಾಮೆರಾಮನ್ ಟೋಪಿ ತೆಗೆದು ನೆಲಕ್ಕೆ ಬಡಿದು ಬೇವಿನ ಮರದ ಹಿಂದೆ ಹೋಗಿ ನಿಂತರು. ಮುದುಕ ಬಾಗಿಲಿನಿಂದ ಹೊರಗೆ ಬರುವಾಗ ಗೋಡೆ ಕಪ್ಪು, ಕಟ್ಟೆಗೆ ಕೂರುವಷ್ಟರಲ್ಲಿ ನೀಲಿ! ನಾನು ಎರಡು ತಾಸು ತಲೆ ಕೆಡಿಸಿಕೊಂಡು, ಮನೆಯಲ್ಲಿ ಮೊಮ್ಮಗನ ನಿಶ್ಚಿತಾರ್ಥ, ಅದಕ್ಕೇ ಸುಣ್ಣ ಹೊಡೆಸಿದ್ದಾರೆ ಎಂದು ಕಥೆಯನ್ನೇ ತಿದ್ದಿದೆ. ನಿನ್ನೆ ತೆಗೆದದ್ದನ್ನು ಹಿಂದಿನ ದೃಶ್ಯ ಮಾಡಿ, ಇವತ್ತು ನೀಲಿ ಗೋಡೆಯ ಮುಂದೆ ಹೊಸ ದೃಶ್ಯದ ಅರ್ಧ ತೆಗೆದೆವು. ತಂಡವೆಂದರೆ ಇದು, ಯಾರೂ ಊಟಕ್ಕೂ ಏಳಲಿಲ್ಲ. ಸಂಜೆ ಕ್ಯಾಮೆರಾಮನ್ ಕೂಡ ನಕ್ಕರು. ಹೊರಡುವಾಗ ನಾನು ಅಜ್ಜಿಗೆ ಸಮಾಧಾನವಾಗಿ, "ಅಜ್ಜೀ, ನಮಗೆ ಮೊದಲಿನ ಗೋಡೆಯೇ ಚಂದ ಇತ್ತು" ಎಂದು ಒಂದು ಮಾತು ಹೇಳಿದೆ. ಅಷ್ಟೇ ನಾನು ಹೇಳಿದ್ದು.

ಮರುದಿನ ಬೆಳಿಗ್ಗೆ ಹೋದರೆ ಮನೆಯೊಳಗಿನಿಂದ ದಟ್ಟ ಹೊಗೆ ಬರುತ್ತಿದೆ. ಬೆಂಕಿ ಬಿತ್ತೆಂದು ಓಡಿದೆ. ಗೋಡೆಯೆಲ್ಲ ಮತ್ತೆ ಕರ್ರಗೆ. ಅಜ್ಜಿ ಕೆಮ್ಮುತ್ತ ಹೊರಗೆ ಬಂದಳು.

"ಬೆಳಗಿನ ಜಾವದಿಂದ ಹಸಿ ಕಟಗಿ ಹಾಕಿ ಹೊಗಿ ಎಬ್ಬಿಸೀನಿ ತಮ್ಮಾ. ಕಣ್ಣು ಹೋದ್ವು. ಈಗರ ಒಪ್ಪಿಗೆ ಆತೇನು?"

ರಾಜಿ

ಇಂಟರ್ವಲ್ ದೃಶ್ಯ. ದುಷ್ಟ ಬಂದು ಊರ ಮುಂದೆ ಅಜ್ಜನ ಮೇಲೆ ಕೈ ಮಾಡುತ್ತಾನೆ, ಅಜ್ಜ ನೆಲಕ್ಕೆ ಬಿದ್ದು ಶಪಥ ಮಾಡುತ್ತಾನೆ. ದುಷ್ಟನ ಪಾತ್ರದವರು ನಿಜದಲ್ಲಿ ಬಹಳ ಸಾಧು. ಅಜ್ಜನನ್ನು ತಳ್ಳುವ ಮುಂಚೆ ಪ್ರತಿ ಸಲ "ಕ್ಷಮಿಸಿ ಅಜ್ಜಾರೇ" ಎನ್ನುತ್ತಿದ್ದರು. ಊರಿನವರನ್ನು ಸುತ್ತಲೂ ನಿಲ್ಲಿಸಿ, "ನೀವು ಬರೀ ನೋಡ್ಕೊಂತ ನಿಲ್ಲಬೇಕು, ಮಾತಾಡಬಾರದು" ಎಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ಆಕ್ಷನ್ ಎಂದೆ. ದುಷ್ಟ ಕೈ ಎತ್ತಿದ. ಆ ಕೈಯನ್ನು ಹಿಂದಿನಿಂದ ಯಾರೋ ಗಟ್ಟಿಯಾಗಿ ಹಿಡಿದರು.

ಊರಿನ ಹಿರಿಯರೊಬ್ಬರು. ಹೆಗಲ ಮೇಲೆ ಟವೆಲ್ಲು, ಹಣೆಗೆ ಮೂರು ಬೆರಳು ವಿಭೂತಿ. "ಯಾಕಪಾ, ಹಿರಿ ಮನಷ್ಯಾನ ಮ್ಯಾಲ ಕೈ ಮಾಡ್ತಿ? ಇದು ಯಾ ಊರ ಪದ್ಧತಿ?" ಎಂದು ಕೇಳಿದರು.

ದುಷ್ಟನ ಪಾತ್ರದವರು ನನ್ನತ್ತ ಬೆರಳು ತೋರಿಸಿ, "ಅವ್ರೇ ಹೇಳಿದ್ದು" ಎಂದುಬಿಟ್ಟರು. ಊರಿಗೆ ಊರೇ ನನ್ನತ್ತ ತಿರುಗಿತು. ಇದು ಕಥೆ, ಬರೀ ನಾಟಕ ಎಂದು ತೊದಲಿದೆ.

"ನಾಟಕ ನಾವೂ ಆಡೀವಿ ಬಿಡ್ರಿ. ಏನು ಜಗಳ ಅದನ್ನ ಮೊದ್ಲು ಹೇಳ್ರಿ" ಎಂದರು ಹಿರಿಯರು. ಅಷ್ಟರಲ್ಲಿ ಕಟ್ಟೆಯ ಮೇಲೆ ಕಂಬಳಿ ಹಾಸಿಯಾಗಿತ್ತು. ನಾಲ್ಕಾರು ಮಂದಿ ಹಿರಿಯರು ಕೂತೂ ಆಗಿತ್ತು. ಬೇರೆ ದಾರಿ ಕಾಣದೆ ಕಥೆ ಹೇಳಿದೆ.

"ಹೊಲ ಯಾರದು?"

"ಅಜ್ಜನದು."

"ಮತ್ತ ಇವ ಯಾಕ ಕೇಳ್ತಾನ?"

"ಇವನ ಹೊಲಕ್ಕೆ ದಾರಿ ಇಲ್ಲ, ಅಜ್ಜನ ಹೊಲದಲ್ಲೇ ಹಾದು ಹೋಗಬೇಕು. ಅದಕ್ಕೇ ಹಟ" ಎಂದೆ. ಚಿತ್ರಕಥೆಯಲ್ಲಿ ಅದನ್ನು ಒಂದೇ ಸಾಲಿನಲ್ಲಿ ಬರೆದಿದ್ದೆ. ಅವರು ಆ ಒಂದು ಸಾಲನ್ನೇ ಹಿಡಿದು ಕೂತರು.

"ಬದುವಿನ ಗುಂಟ ಒಂದು ಬಂಡಿ ಹೋಗೋವಷ್ಟು ದಾರಿ ಬಿಟ್ರ ಆತಲ್ಲ? ಏನಂತಿ ಅಜ್ಜಾ?"

ಅಜ್ಜ ಮೀಸೆ ನೀವಿಕೊಂಡು, "ಹಿರೇರು ಹೇಳಿದ ಮ್ಯಾಲ ನಾ ಯಾಕ ಇಲ್ಲ ಅನ್ಲಿ? ಬಿಟ್ಟೆ" ಎಂದ. ದುಷ್ಟನ ಪಾತ್ರದವರು ಕಣ್ಣೀರು ತುಂಬಿಕೊಂಡು ಅಜ್ಜನ ಕಾಲಿಗೆ ಬಿದ್ದರು. ಇಬ್ಬರ ಕೈಗೂ ಎಲೆ ಅಡಿಕೆ ಕೊಟ್ಟರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಕ್ಯಾಮೆರಾಮನ್ ಕೂಡ ಮೈಮರೆತು ತಟ್ಟುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದೆ.

ನಾನು ಕುಸಿದು ಕೂತೆ. ಇವರಿಬ್ಬರೂ ರಾಜಿಯಾದರೆ ಇಂಟರ್ವಲ್ ಆದ ಮೇಲೆ ಜನಕ್ಕೆ ನಾನು ಏನು ತೋರಿಸಲಿ? ನನ್ನ ಮುಖ ನೋಡಿ ಹಿರಿಯರಿಗೆ ಕನಿಕರ ಬಂತು. ಹತ್ತಿರ ಬಂದು ಬೆನ್ನು ಸವರಿದರು.

"ಇಷ್ಟು ಸಣ್ಣ ಮಾತಿಗೆ ಇಷ್ಟು ಮಂದಿ, ಇಷ್ಟು ಲೈಟು ತಗೊಂಡು ಬರಬೇಕಿತ್ತೇನ್ರಿ? ಒಂದ್ ಮಾತು ಹೇಳಿ ಕಳಿಸಿದ್ರ ನಾವ ಬಗಿಹರಿಸಿ ಕಳಿಸ್ತಿದ್ವಿ."

ಹೂವು

ಹಾಡಿಗೆ ಹಡಗಲಿಯ ಮಲ್ಲಿಗೆ ತೋಟ ಬೇಕೆಂದು ಹಟ ಹಿಡಿದವರು ಕ್ಯಾಮೆರಾಮನ್. ನಾಯಕ ನಾಯಕಿ ಬೆಳ್ಳಗೆ ಹೂ ಬಿಟ್ಟ ಗಿಡಗಳ ನಡುವೆ ಓಡಬೇಕು. ಮ್ಯಾನೇಜರ್ "ಆತು ತಗೋರಿ" ಎಂದ. ಎಲ್ಲರೂ ಹಡಗಲಿಗೆ ಹೋಗಿ ಮೇಕಪ್ಪು ಮಾಡಿಸಿ ಹತ್ತು ಗಂಟೆಯ ಬಿಸಿಲಿಗೆ ತೋಟಕ್ಕೆ ಇಳಿದರೆ ಒಂದು ಹೂವೂ ಇಲ್ಲ. ಹಸಿರು ಗಿಡ, ಗಿಡದ ಕೆಳಗೆ ಮಣ್ಣು.

"ಹೂವು ಎಲ್ಲಿ?" ಎಂದು ಚೀರಿದೆ.

ತೋಟದವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಮಲ್ಲಿಗಿ ಯಾರರ ಹತ್ತು ಗಂಟಿಗೆ ಗಿಡದಾಗ ಇಡ್ತಾರೇನ್ರಿ? ಬೆಳಕು ಹರಿಯೋದ್ರಾಗ ಮೊಗ್ಗು ಬಿಡಿಸಿ ಬಸ್ಸಿಗೆ ಹಾಕಿಬಿಟ್ಟಿರ್ತೀವಿ."

ಮರುದಿನ ನಾಯಕಿ ಬೇರೆ ಸಿನಿಮಾಕ್ಕೆ ಹೋಗುವವಳಿದ್ದಳು. ಮ್ಯಾನೇಜರ್ ಹಡಗಲಿ ಪೇಟೆಯ ಹೂವನ್ನೆಲ್ಲ ಬುಟ್ಟಿಗಟ್ಟಲೆ ತಂದ. ತೋಟದ ಹೆಣ್ಣುಮಕ್ಕಳಿಗೆ, ಗಿಡಗಳಿಗೆ ಹೂವನ್ನು ದಾರದಿಂದ ಕಟ್ಟಬೇಕು ಎಂದ. ಅವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆದರೂ ಕೈ ಎಂಥ ಚುರುಕು! ನಮ್ಮ ತಂಡದವರೂ ಕೂತರು, ಲೈಟಿನವರು, ಮೇಕಪ್ಪಿನವರು, ಕೊನೆಗೆ ನಾಯಕಿಯೂ. ಮಧ್ಯಾಹ್ನದ ಹೊತ್ತಿಗೆ ಒಂದು ಮಡಿ ಪೂರ್ತಿ ಬೆಳ್ಳಗಾಯಿತು. ನನ್ನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂತು. ಕ್ಯಾಮೆರಾಮನ್ ಆಕಾಶ ನೋಡುತ್ತ "ಎಲ್ರೂ ಊಟ ಮಾಡಿ, ಮೋಡ ಸರಿಯತ್ತೆ" ಎಂದರು. ನಾವು ಮರದ ಕೆಳಗೆ ಚಿತ್ರಾನ್ನ ತಿಂದೆವು. ಮೋಡ ಸರಿಯಿತು. ಕೈ ತೊಳೆದು ಓಡಿ ಬಂದು ನೋಡಿದರೆ ಗಿಡಗಳು ಬೋಳು. ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ, ತಾವೇ ಕಟ್ಟಿದ ಹೂವನ್ನು ದಾರ ಹರಿದು ಹರಿದು ಬುಟ್ಟಿಗೆ ತುಂಬಿದ್ದಾರೆ. ಕೊನೆಯ ಗಿಡದಲ್ಲಿದ್ದಾರೆ.

"ಅಯ್ಯೋ, ಏನ್ ಮಾಡಿದ್ರಿ!"

ಹಿರಿಯಾಕೆ ಸೊಂಟ ನೆಟ್ಟಗೆ ಮಾಡಿಕೊಂಡು ಸಹಜವಾಗಿ ಹೇಳಿದಳು. "ಗಿಡದಾಗ ಹೂವು ಕಂಡ್ರ ನಮ್ಮ ಕೈ ಸುಮ್ನ ಇರ್ತಾವೇನ್ರಿ? ನಿಮಗ ಬೇಕಿದ್ರ ಮತ್ತ ಕಟ್ತೀವಿ. ಆದ್ರ ಸಂಜೀಕ ಮತ್ತ ಬಿಡಿಸ್ತೀವಿ, ಅದು ಮಾತ್ರ ತಪ್ಪಂಗಿಲ್ಲ."

ಮಾಲು

ಇಂಟರ್ವಲ್ಲು, ಹಾಡು ಹೇಗೋ ಮುಗಿದವು. ಉಳಿದದ್ದು ಒಂದೇ ಒಂದು ದೃಶ್ಯ, ಅಜ್ಜನ ಸಾವು. ಮೆಕ್ಕೆಜೋಳದ ತೆನೆಗಳು ಒಣಗತೊಡಗಿದ್ದವು. ದಾರಿಯಲ್ಲಿ ತೆನೆ ಕಂಡರೆ ಸಾಕು, ನನಗೆ ಅಪ್ಪನ ಅಳತೆಕೋಲು ನೆನಪಾಗುತ್ತಿತ್ತು.

ಇನ್ನೂ ಬಳಸದ ಖಾಲಿ ಫಿಲಂ ರೀಲಿನ ಡಬ್ಬಿಗಳನ್ನು ತಂಪು ಜಾಗವೆಂದು ಹರಪನಹಳ್ಳಿಯಲ್ಲಿ ಸಾಹುಕಾರರ ಮನೆಯಲ್ಲೇ ಇಟ್ಟಿದ್ದೆವು. ಫಿಲಂ ಎಂದರೆ ಬೆಳಕು ಕಂಡರೆ ಸತ್ತಿತು. ಅದಕ್ಕೇ ಡಬ್ಬಿಗೆ ಕಪ್ಪು ಕಾಗದ, ಮೇಲೆ ಟೇಪು. ಇದನ್ನು ಸಾಹುಕಾರರಿಗೆ ಯಾರಾದರೂ ಹೇಳಿರುತ್ತಾರೆ ಎಂದು ನಾನು ತಿಳಿದಿದ್ದೆ. ನಾನು ಹೇಳಿರುತ್ತೇನೆ ಎಂದು ಕ್ಯಾಮೆರಾಮನ್ ತಿಳಿದಿದ್ದರು. ಮ್ಯಾನೇಜರನನ್ನು ಕೇಳಿದ್ದರೆ "ಆತು ತಗೋರಿ" ಎಂದಿರುತ್ತಿದ್ದ.

ಡಬ್ಬಿ ತರಲು ನಾನೂ ಕ್ಯಾಮೆರಾಮನ್ನೂ ಹೋದೆವು. ಸಾಹುಕಾರರು ಅಂಗಳದಲ್ಲಿ, ಚುರುಗುಟ್ಟುವ ಬಿಸಿಲಿನಲ್ಲಿ, ಜೋಳದ ಚೀಲದ ಮೇಲೆ ಕೂತಿದ್ದರು. ಸುತ್ತಲೂ ಡಬ್ಬಿಗಳ ಮುಚ್ಚಳ ತೆರೆದು ಬಿದ್ದಿದ್ದವು. ಫಿಲಂ ಸುರುಳಿಗಳನ್ನು ಎಳೆದೆಳೆದು ಸೂರ್ಯನಿಗೆ ಹಿಡಿದು ನೋಡುತ್ತಿದ್ದರು. ಬಟ್ಟೆ ಒಣಹಾಕುವ ಹಗ್ಗದ ಮೇಲೂ ಒಂದಿಷ್ಟು ಇಳಿಬಿಟ್ಟಿದ್ದರು.

ಕ್ಯಾಮೆರಾಮನ್ ಬಾಯಿಯಿಂದ ಒಂದು ಶಬ್ದ ಬಂತು. ಅದು ಯಾವ ಭಾಷೆಯದೂ ಆಗಿರಲಿಲ್ಲ. ನಾನು ಗೋಡೆ ಹಿಡಿದು ನಿಂತೆ.

ಸಾಹುಕಾರರಿಗೆ ನಮ್ಮನ್ನು ನೋಡಿ ಸಿಟ್ಟು ಏರಿತು. "ಬರ್ರಿ, ಸರಿಯಾದ ಹೊತ್ತಿಗೆ ಬಂದ್ರಿ! ನಿಮಗ ಪಕ್ಕಾ ಮೋಸ ಮಾಡ್ಯಾರ. ಒಂದರಾಗೂ ಒಂದು ಚಿತ್ರ ಇಲ್ಲ. ಎಲ್ಲಾ ಖಾಲಿ ರೀಲು ಕೊಟ್ಟು ಕಳಿಸ್ಯಾರ!"

"ಸಾಹುಕಾರ್ರೇ, ಯಾಕೆ ಬಿಚ್ಚಿದ್ರಿ?" ನಾನು ಅತ್ತೇಬಿಟ್ಟೆ.

"ಯಾಕಂದ್ರ? ಹುಟ್ಟಿದಾಗಿಂದ ವ್ಯಾಪಾರ ಮಾಡೀನಿ. ಚೀಲಕ್ಕ ಕೈ ಹಾಕಿ ಕಾಳು ನೋಡಲಾರದ ಒಂದು ಚೀಲಾನೂ ಒಳಗ ಇಟ್ಟಿಲ್ಲ. ಮಾಲು ನೋಡಲಾರದ ಮನಿಯಾಗ ಇಟ್ಕೊಂಡ ವ್ಯಾಪಾರಿ ಉದ್ಧಾರ ಆಗ್ಯಾನೇನು?"

ಬೆಳಕಿನ ವಿಷಯ ಬಿಡಿಸಿ ಹೇಳಿದೆ. ಅವರು ನಂಬಲಿಲ್ಲ. ಬೆಳಕಿಗೆ ಕೆಡುವ ಮಾಲನ್ನು ಮೊದಲ ಸಲ ಕೇಳುತ್ತಿರುವುದಾಗಿ ಹೇಳಿದರು. ಹೊಸದಾಗಿ ಫಿಲಂ ತರಿಸುವ ಮಾತೆತ್ತಿದರೆ ಕೈ ಅಡ್ಡ ಆಡಿಸಿದರು. "ಒಮ್ಮೆ ಮೋಸ ಹೋದ ಅಂಗಡಿಗೆ ಮತ್ತ ಹೋಗಂಗಿಲ್ಲ. ಇದ್ದುದರಾಗ ಮುಗಿಸು. ಬರೋ ಸೋಮವಾರ ಜೋಳದ ಲಾರಿ ಬರ್ತಾವು."

ಇದ್ದುದೆಲ್ಲಿ? ಕ್ಯಾಮೆರಾಮನ್ ಮೊಣಕಾಲೂರಿ ಡಬ್ಬಿ ಡಬ್ಬಿ ಮುಟ್ಟಿ ನೋಡಿದರು. ಚೀಲದ ಹಿಂದೆ ಒಂದು ಡಬ್ಬಿಯ ಟೇಪು ಇನ್ನೂ ಹಾಗೇ ಇತ್ತು. ಅದನ್ನು ಅವರು ಹಸುಗೂಸಿನಂತೆ ಎದೆಗೆ ಅವಚಿಕೊಂಡರು. ಸಾಹುಕಾರರು ಕೈ ಚಾಚಿದರು.

"ಅದ ನೋಡ್ರಿ, ಅದೊಂದು ಹರಿಯಾಕ ಬರಲಿಲ್ಲ, ಭಾಳ ಗಟ್ಟಿ ಐತಿ. ಕೊಡ್ರಿಲ್ಲಿ, ಕತ್ತರಿ ಕೇಳೀನಿ."

ಮಣ್ಣು

ಒಂದೇ ಡಬ್ಬಿ, ಒಂದೇ ಸಾವು, ಒಂದೇ ಟೇಕು. ತಪ್ಪಿದರೆ ನಾನು ಬಟ್ಟೆ ಅಂಗಡಿಗೆ. ಇಡೀ ತಂಡವನ್ನು ಕೂರಿಸಿಕೊಂಡು ಹೇಳಿದೆ, ಯಾರೂ ಸೀನುವಂತಿಲ್ಲ.

ಚಿತ್ರಕಥೆಯಲ್ಲಿ ಅಜ್ಜನ ಹೆಣ ಮಂಚದ ಮೇಲೆ ಮಲಗಿರುತ್ತದೆ. ಅಜ್ಜ ಮಂಚ ನೋಡಿ ಸುತರಾಂ ಒಪ್ಪಲಿಲ್ಲ.

"ನಮ್ಮ ಮಂದ್ಯಾಗ ಮಲಗಸಂಗಿಲ್ಲ, ಕುಂದ್ರಸ್ತಾರ. ಸಾಯೋದಾದ್ರ ನಮ್ಮ ಪದ್ಧತಿ ಪ್ರಕಾರನ ಸಾಯ್ತೀನಿ. ಇಲ್ಲಂದ್ರ ಸಾಯಂಗ ಇಲ್ಲ."

ಸರಿ, ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದೆವು. ವಾಲದಂತೆ ಬೆನ್ನಿಗೆ ಪಂಚೆ ಸುತ್ತಿ ಹಿಂದಿನ ಕಿಟಕಿಯ ಸರಳಿಗೆ ಕಟ್ಟಿದೆವು. ರುಮಾಲು, ಹಣೆ ತುಂಬ ವಿಭೂತಿ, ಕೊರಳಿಗೆ ಹೂವಿನ ಹಾರ. ಮ್ಯಾನೇಜರ್ ಭಜನೆಯವರನ್ನು ಕರೆಸಿದ. "ನಾನು ಕಟ್ ಅನ್ನೋವರೆಗೂ ಅಲುಗಾಡಬಾರದು ಅಜ್ಜಾ" ಎಂದೆ. "ಎಷ್ಟೋ ಸಲ ರಾಜ ಆಗೀನಿ, ಸತ್ತಿದ್ದು ಇದ ಮೊದ್ಲು. ನೋಡಿಯಂತ" ಎಂದ ಅಜ್ಜ.

ಇನ್ನು ಅಜ್ಜಿ. ಗಂಡ ಸತ್ತಂತೆ ನಟಿಸುವಾಗ ಕಟ್ಟಿಕೊಂಡವಳು ಎದುರಿಗಿದ್ದರೆ ಅಪಶಕುನ ಎಂದು ಯಾರೋ ಅಂದರು. ಅಜ್ಜಿ ಮಾತ್ರ ಅಲ್ಲೇ ಕೂರುತ್ತೇನೆ ಎಂದಳು. ಅಪಶಕುನ ತಟ್ಟದಂತೆ ತಾನೇ ಒಂದು ಉಪಾಯವನ್ನೂ ಮಾಡಿದಳು. ಕಾಸಿನಗಲ ಕುಂಕುಮ ಇಟ್ಟು, ಕೈ ತುಂಬ ಹಸಿರು ಬಳೆ ತೊಟ್ಟು, ಹಡಗಲಿಯಿಂದ ತಂದ ಮಲ್ಲಿಗೆಯನ್ನು ತಲೆ ಮುಚ್ಚುವಷ್ಟು ಮುಡಿದು, ರೇಷ್ಮೆ ಸೀರೆ ಉಟ್ಟು ಹೆಣದ ಪಕ್ಕ ಕೂತಳು. ಫ್ರೇಮಿನಲ್ಲಿ ಆಕೆಯ ಬೆನ್ನಷ್ಟೇ ಕಾಣುವಂತೆ ಸೆರಗು ಹೊದಿಸಿ ಕ್ಯಾಮೆರಾಮನ್ ಹೊಂದಿಸಿಕೊಂಡರು. ಕಟ್ ಅನ್ನುವವರೆಗೂ ಒಂದು ಮಾತೂ ಆಡಬಾರದು ಎಂದು ಅಜ್ಜಿಗೂ ಹೇಳಿದೆ.

ಬೆಳಿಗ್ಗೆಯೆಲ್ಲ ಬರೀ ತಾಲೀಮು. ಭಜನೆ ಜೋರಾಗಿ ನಡೆದಿತ್ತು. ಹರಪನಹಳ್ಳಿಗೆ ಹೋಗುವ ಬಸ್ಸು ಜನ ನೋಡಿ ನಿಂತಿತು. ಕಂಡಕ್ಟರ್ ಇಳಿದು ಕಟ್ಟೆಯ ಮೇಲೆ ಕೂತ ಅಜ್ಜನನ್ನು ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದು, ಮತ್ತೆ ಬಸ್ಸು ಹತ್ತಿದ. ಎಂಥ ಸಂಸ್ಕಾರವಂತ ಎಂದುಕೊಂಡೆ. ಆ ಸಂಸ್ಕಾರವಂತ ದಾರಿಯ ಪ್ರತಿ ಸ್ಟಾಪಿನಲ್ಲೂ ಸುದ್ದಿ ಇಳಿಸುತ್ತ ಹೋದ ಎಂಬುದು ನನಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಬಿಸಿಲು ಕಟ್ಟೆಗೆ ಇಳಿಯಿತು. ಕ್ಯಾಮೆರಾಮನ್ ಹೆಬ್ಬೆರಳು ಎತ್ತಿದರು. ಆಕ್ಷನ್ ಎಂದೆ. ಕ್ಯಾಮೆರಾ ಗರಗರ ತಿರುಗಿತು. ಅದೇ ಹೊತ್ತಿಗೆ ಬೀದಿಯ ತುದಿಯಿಂದ ಗುಂಪು ಗುಂಪಾಗಿ ಜನ ಬರತೊಡಗಿದರು. ಕೈಯಲ್ಲಿ ಹಾರ, ತೆಂಗಿನಕಾಯಿ, ಊದಿನಕಡ್ಡಿ. ಹೆಂಗಸರು ಎದೆ ಬಡಿದುಕೊಂಡು ಹಾಡಿಕೊಂಡು ಅಳುತ್ತಿದ್ದಾರೆ. ಎಂಥ ಅಳು! ಬೆಂಗಳೂರಿನಲ್ಲಿ ಗ್ಲಿಸರಿನ್ ಹಾಕಿದರೂ ಇಂಥ ಅಳು ಬರುವುದಿಲ್ಲ. ಮ್ಯಾನೇಜರನ ಮೇಲೆ ನನಗೆ ಪ್ರೀತಿ ಉಕ್ಕಿತು. ಅವನ ಕಿವಿಯಲ್ಲಿ "ಇಷ್ಟು ಒಳ್ಳೆ ಜನಾನ್ನ ಎಲ್ಲಿಂದ ತಂದ್ಯೋ?" ಎಂದು ಪಿಸುಗುಟ್ಟಿದೆ.

ಅವನ ಮುಖ ಸುಣ್ಣದಂತಾಗಿತ್ತು. "ನೀವು ಕರಿಸೀರಿ ಅನ್ಕೊಂಡೆ. ಇವರು ನಮ್ಮವರಲ್ರಿ. ಖರೇನ ಮಣ್ಣಿಗೆ ಬಂದಾರ!"

ಮಣ್ಣಿಗೆ ಎಂದರೆ ಮಣ್ಣು ಮಾಡಲು. ಕಟ್ ಎನ್ನಬೇಕು, ಬಾಯಿ ತೆರೆದೆ. ಕ್ಯಾಮೆರಾಮನ್ ಕಣ್ಣು ತೆಗೆಯದೆ ಒಂದು ಕೈಯಿಂದ ನನ್ನ ಬಾಯಿ ಮುಚ್ಚಿದರು. "ಸಾರ್, ಡಬ್ಬಿ ಒಂದೇ ಇರೋದು."

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಅಜ್ಜನಂಥದೇ ಮೀಸೆಯ ಒಬ್ಬ ಮುದುಕ ಓಡಿ ಬಂದ. ಅಜ್ಜನ ಖಾಸಾ ತಮ್ಮ, ಹರಪನಹಳ್ಳಿಯಲ್ಲಿ ಇರುವವನು. ಯಾವುದೋ ಮದುವೆಯಲ್ಲಿ ತನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದರೆಂದು ಎದ್ದು ಹೋದವನು ಅಣ್ಣನೊಡನೆ ಮಾತು ಬಿಟ್ಟು ವರ್ಷಗಳೇ ಆಗಿದ್ದವಂತೆ. ಅವನು ಅಜ್ಜನ ಕಾಲು ಹಿಡಿದು ಬಿದ್ದ.

"ಅಣ್ಣಾ, ಒಂದು ಮಾತೂ ಆಡ್ಲಾರದಂಗ ಹೋದೆಲ್ಲೋ! ಎರಡನೇ ಪಂಕ್ತ್ಯಾಗ ಉಂಡಿದ್ರ ನನ್ನ ಗಂಟು ಏನು ಹೋಗ್ತಿತ್ತೋ ಅಣ್ಣಾ!"

ಅಜ್ಜನಿಗೂ ತಡೆಯಲಾಗಲಿಲ್ಲವೇನೋ. ನಾನು ನೋಡುತ್ತಿರುವಂತೆಯೇ ಮುಚ್ಚಿದ ಕಣ್ಣಿನಿಂದ ಒಂದು ಹನಿ ಇಳಿದು ವಿಭೂತಿಯ ಮೇಲೆ ಗೆರೆ ಎಳೆಯುತ್ತ ಬಂತು. ಹೆಣ ಅಳುತ್ತಿದೆ! ಮುಗಿಯಿತು, ನನ್ನ ಸಿನಿಮಾ ಮುಗಿಯಿತು.

ಅಜ್ಜಿ ಸರಕ್ಕನೆ ಸೆರಗು ಚಾಚಿ ಅದನ್ನು ಒರೆಸಿಬಿಟ್ಟಳು. ಒರೆಸುವಾಗ ಸೆರಗು ಜಾರಿ, ಮೈದುನನಿಗೆ ಅತ್ತಿಗೆಯ ಮುಖ ಕಂಡಿತು. ಕಾಸಿನಗಲ ಕುಂಕುಮ, ತಲೆ ತುಂಬ ಮಲ್ಲಿಗೆ. ಅವನ ಅಳು ಅರ್ಧಕ್ಕೆ ನಿಂತಿತು. ಹಿಂದಿದ್ದ ಹೆಂಗಸರೂ ನೋಡಿದರು.

"ಅಯ್ಯ ಶಿವನ! ಗಂಡ ಹೋಗ್ಯಾನ, ಈಕಿ ಹೂ ಮುಡಕೊಂಡು ಕುಂತಾಳಲ್ಲ!"

"ರೇಷ್ಮಿ ಸೀರಿ ಬ್ಯಾರೆ!"

"ಅತ್ತಿಗೀ, ಏನಿದು ನಿನ್ನ ವ್ಯಾಷ?" ತಮ್ಮ ಗರ್ಜಿಸಿದ. ಅಜ್ಜಿಗೆ ನಾನು ಮಾತಾಡಬಾರದು ಎಂದು ಹೇಳಿದ್ದೆನಲ್ಲ, ಆ ಮಹಾತಾಯಿ ತುಟಿ ಬಿಗಿಹಿಡಿದು ಕಲ್ಲಿನಂತೆ ಕೂತಳು. ಅಷ್ಟರಲ್ಲಿ ಕ್ಯಾಮೆರಾದ ಗರಗರ ಸದ್ದು ನಿಂತಿತು. "ರೀಲ್ ಮುಗೀತು ಸಾರ್!" ಎಂದರು ಕ್ಯಾಮೆರಾಮನ್. ನಾನು ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ "ಕಟ್!" ಎಂದು ಕೂಗಿದೆ.

ಅಜ್ಜ ಕಣ್ಣು ಬಿಟ್ಟ. ಎದೆ ತುಂಬ ಉಸಿರೆಳೆದುಕೊಂಡು, ಬಯಲಾಟದ ದನಿಯಲ್ಲಿ, "ತಮ್ಮಾ! ಊಟ ಆತೇನೋ?" ಎಂದ.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಬಂದವರು ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಭಜನೆಯವರಿಗೆ ಇದು ಶೂಟಿಂಗ್ ಎಂದು ಗೊತ್ತಿತ್ತು, ಆದರೂ ಹಾರ್ಮೋನಿಯಂ ಬಿಟ್ಟು ಎಲ್ಲರಿಗಿಂತ ಮುಂದೆ ಓಡಿದರು. ಅಜ್ಜ ಏಳಲು ಹೋದ, ಕಿಟಕಿಗೆ ಕಟ್ಟಿದ್ದ ಪಂಚೆ ಜಗ್ಗಿ ಮತ್ತೆ ದೊಪ್ಪನೆ ಕೂತ. ಅದನ್ನು ನೋಡಿ, ಅಲ್ಲಿಯವರೆಗೆ ನಿಂತಿದ್ದವರೂ ಓಡಿದರು. ತಮ್ಮ ಒಬ್ಬನೇ ಓಡಲಿಲ್ಲ. ಅವನು ಮೂರ್ಛೆ ಹೋಗಿದ್ದ. ನೀರು ಹೊಡೆದು ಎಬ್ಬಿಸಿದ ಮೇಲೆ ಅಣ್ಣನನ್ನು ಕಣ್ಣು ಪಿಳಿಪಿಳಿ ಬಿಟ್ಟು ನೋಡಿ, ಸಿಟ್ಟಿನಿಂದ ಬುಸುಗುಟ್ಟಿದ.

"ಅಂಗಡಿ ಬಾಗಲಾ ಹಾಕ್ಕೊಂಡು ಬಂದೀನಿ! ಓಣಿಗೆಲ್ಲ ಅಣ್ಣ ಸತ್ತ ಅಂತ ಹೇಳೀನಿ! ಈಗ ಯಾವ ಮುಖ ತಗೊಂಡು ವಾಪಸ್ ಹೋಗ್ಲಿ?"

"ಹೋಗಬ್ಯಾಡ, ಉಂಡು ಹೋಗು. ಈ ಸಲ ಮೊದಲನೇ ಪಂಕ್ತಿ" ಎಂದ ಅಜ್ಜ. ಅಣ್ಣ ತಮ್ಮ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದರು. ಸಾಹುಕಾರರ ಜೋಳದ ಲಾರಿ ಬರುವ ಮುಂಚೆ ನನ್ನ ಸಿನಿಮಾ ಮುಗಿಯಿತು.

ಸಿನಿಮಾ ಓಡಿತೇ ಎಂದು ಎಲ್ಲರೂ ಕೇಳುತ್ತಾರೆ. ಬೇರೆ ಕಡೆ ನಡೆಯಲೂ ಇಲ್ಲ. ಕೊಟ್ಟೂರಿನಲ್ಲಿ ಮಾತ್ರ ಕೆಲವು ವಾರ ಓಡಿತು. ಒಂದು ಮಧ್ಯಾಹ್ನ ನಾನೇ ನೋಡಲು ಹೋದೆ. ಮುಂದಿನ ಸಾಲಿನಲ್ಲಿ ಅಜ್ಜ ಕೂತಿದ್ದಾನೆ, ಪಕ್ಕದಲ್ಲಿ ಅಜ್ಜಿ, ತಮ್ಮ. ದಿನಾ ಬರುತ್ತಾರೆ ಎಂದು ಟಾಕೀಸಿನವರು ಹೇಳಿದರು. ತನ್ನ ನಟನೆಯ ಮೇಲೆ ಎಂಥ ಅಭಿಮಾನ ಎಂದು ನನ್ನ ಹೃದಯ ತುಂಬಿ ಬಂತು. ಆದರೆ ಸಿನಿಮಾ ಉದ್ದಕ್ಕೂ ಅಜ್ಜ ಎಲೆ ಅಡಿಕೆ ಜಗಿಯುತ್ತ ಅತ್ತಿತ್ತ ನೋಡುತ್ತಿದ್ದ. ಸಾವಿನ ದೃಶ್ಯ ಬಂದಾಗ ಮಾತ್ರ ಎದ್ದು ನಿಂತು ಪರದೆಗೆ ಬೆರಳು ತೋರಿಸತೊಡಗಿದ.

"ಅಕಾ, ಅವರು ಬಂದಾರ. ಇವರೂ ಬಂದಾರ. ಅಲ್ಲಿ ಹಿಂದಿನಾಕಿ ಬರೀ ಸೆರಗು ಮುಖಕ್ಕ ಹಿಡಿದಾಳ, ಕಣ್ಣೀರಿಲ್ಲ. ಅವ ಖರೇನ ಅಳಾಕತ್ತಾನ, ಒಳ್ಳೇವ."

ನಾನು ದಂಗಾಗಿ ಹೋದೆ. ತನ್ನ ಮಣ್ಣಿಗೆ ಯಾರು ಬಂದಿದ್ದರು, ಯಾರು ಅತ್ತರು ಎಂದು ನೋಡುವ ಭಾಗ್ಯ ಭೂಮಿಯ ಮೇಲೆ ಬೇರೆ ಯಾರಿಗಿದೆ? ಅಜ್ಜ ನನ್ನನ್ನು ಕಂಡವನೇ ತೋಳು ಹಿಡಿದು ಎಳೆದ. "ಡೈರೆಕ್ಟರ್ ಸಾಹೇಬ್ರ, ಅಲ್ನೋಡ್ರಿ, ಎಡಗಡಿ ಮೂಲ್ಯಾಗ."

ನೋಡಿದೆ. ನೂರಾರು ಸಲ ನೋಡಿದ ದೃಶ್ಯದಲ್ಲಿ ನಾನೂ ಕ್ಯಾಮೆರಾಮನ್ನೂ ಎಂದೂ ಗಮನಿಸದಿದ್ದ ಒಂದು ಆಕೃತಿ. ಎಲ್ಲರೂ ಎದೆ ಬಡಿದುಕೊಂಡು ಅಳುತ್ತಿರುವಾಗ ಹಿಂದೆ ಒಬ್ಬ ಮನುಷ್ಯ ಒಂದೊಂದೇ ಹೆಜ್ಜೆ ಇಡುತ್ತ, ಬಾಯಲ್ಲೇ ಲೆಕ್ಕ ಹಾಕುತ್ತ, ಅಜ್ಜನ ಮನೆಯ ಅಂಗಳವನ್ನು ಉದ್ದಕ್ಕೆ ಅಳೆಯುತ್ತಿದ್ದಾನೆ. ಉದ್ದ ಮುಗಿಸಿ ಅಡ್ಡಕ್ಕೂ ತಿರುಗಿದ.

"ಯಾರಜ್ಜಾ ಅದು?"

"ನನ್ನ ಅಳಿಯ" ಎಂದ ಅಜ್ಜ.

ಟಾಕೀಸಿನ ಹೊರಗೆ ಬಂದ ಮೇಲೆ ಅಜ್ಜ ನನ್ನ ಕೈ ಬಿಡಲಿಲ್ಲ. ನನ್ನ ಮೊದಲ ಸಿನಿಮಾ ನೋಡಿದ ಮೇಲೂ, ಎರಡನೆಯ ಸಿನಿಮಾ ಮಾಡು ಎಂದು ನನ್ನನ್ನು ಕೇಳಿಕೊಂಡ ಮನುಷ್ಯ ಇವತ್ತಿನವರೆಗೂ ಅವನೊಬ್ಬನೇ.

"ಇನ್ನೊಂದು ಸಿನಿಮಾ ಮಾಡ್ರಿ ಸಾಹೇಬ್ರ. ಆ ಸಿನಿಮಾದಾಗ ನನ್ನ ಅಳಿಯಾಗ ಪಾರ್ಟು ಕೊಡ್ರಿ, ಕೊನಿಗೆ ಸಾಯಿಸ್ರಿ. ಮಣ್ಣಿಗೆ ನಾ ಬರ್ತೀನಿ. ಮನಿಯಿಂದನ ಅಳತಿ ಟೇಪು ತರ್ತೀನಿ!"